ಹಿಂಪಡೆಯದ ಠರಾವು

ಅರಿವಳಿಕೆ ತಜ್ಞರ ಸಂಘದ ಮಾನ್ಯ ಅಧ್ಯಕ್ಷರೇ,

ಕಳೆದ ವಾರ್ಷಿಕ ಸಭೆಯ ನಡಾವಳಿಯಲ್ಲಿ ಹದಿನಾಲ್ಕನೆಯ ವಿಷಯದ ಎದುರು "ಮಂಡಿಸಿದ ಸದಸ್ಯರೇ ಠರಾವನ್ನು ಹಿಂಪಡೆದರು" ಎಂದಿದೆ. ಅದು ಹಸಿ ಸುಳ್ಳು. ಹೇಳಿದವರು ನೀವು, ಟೈಪ್ ಮಾಡಿದವಳು ನಾನು. ಇಪ್ಪತ್ತೊಂದು ವರ್ಷ ನಿಮ್ಮ ಸಂಘದ ಕಚೇರಿಯಲ್ಲಿ ಕೂತು ನಡಾವಳಿ ಬರೆದವಳೇ ಇದನ್ನು ಹೇಳುತ್ತಿರುವುದರಿಂದ, ಯಾರೋ ಹೊಟ್ಟೆಕಿಚ್ಚಿನವರು ಎಬ್ಬಿಸಿದ ಪುಕಾರು ಎಂದು ಈ ಸಲ ಕೈತೊಳೆದುಕೊಳ್ಳಲಾಗದು.

ಈ ಬಹಿರಂಗ ಪತ್ರ ಓದುವ ಹೊರಗಿನವರಿಗೆ ನಿಮ್ಮ ಸಂಘದ ಪರಿಚಯವಿರುವುದಿಲ್ಲ. ಕೊಯ್ಯುವ ಮುನ್ನ ರೋಗಿಯ ಪ್ರಜ್ಞೆ ತಪ್ಪಿಸಿ, ಕೊಯ್ಯುವಷ್ಟು ಹೊತ್ತೂ ಅವನ ಉಸಿರು ಕಾದು, ಆಮೇಲೆ ಎಚ್ಚರಿಸುವ ಡಾಕ್ಟರುಗಳ ಸಂಘ ಇದು. ಆ ಕೆಲಸ ಹೇಗೆ ನಡೆಯಬೇಕೆಂದು ಸಂಘ ಒಂದು ಮಾತು ಹೇಳಿದರೆ ಆಸ್ಪತ್ರೆಗಳು ಕೇಳುತ್ತವೆ. ಅಧ್ಯಕ್ಷರ ಅವಧಿ ಎರಡು ವರ್ಷ, ಒಬ್ಬರಿಗೆ ಒಂದೇ ಸಲ ಎಂದು ಉಪವಿಧಿಯಲ್ಲಿತ್ತು. ನೀವು ಬಂದ ಮೇಲೆ ಅದು "ಎರಡು ಸಲ" ಆಯಿತು. ಮುಂದೆ "ಸಂಘದ ಹಿತಕ್ಕೆ ಅಗತ್ಯವಿರುವಷ್ಟು ಸಲ" ಆಯಿತು. ಸಂಘದ ಹಿತ ಯಾವುದೆಂದು ತೀರ್ಮಾನಿಸುವ ಸಮಿತಿಗೂ ನೀವೇ ಅಧ್ಯಕ್ಷರು! ಚುನಾವಣೆಯ ನೋಟಿಸನ್ನು ನಿಯಮದಂತೆ ಸೂಚನಾ ಫಲಕಕ್ಕೇ ಅಂಟಿಸುತ್ತಿದ್ದೆವು. ಫಲಕ ಮಾತ್ರ ಕಪಾಟಿನ ಹಿಂದಿತ್ತು. ಹೀಗೆ ಹನ್ನೆರಡು ವರ್ಷ ನೀವು "ಅವಿರೋಧ"ವಾಗಿ ಆಯ್ಕೆಯಾದಿರಿ. ಪ್ರಜ್ಞೆ ತಪ್ಪಿಸುವುದು ನಿಮ್ಮ ವೃತ್ತಿ, ಒಪ್ಪಿದೆ. ಅದನ್ನು ಸದಸ್ಯರ ಮೇಲೂ ಪ್ರಯೋಗಿಸಬೇಕಿತ್ತೆ?

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕುರ್ಚಿಗೆ ಅಂಟಿಕೊಂಡವರನ್ನು ಯಾರು ನೋಡಿಲ್ಲ? ಆದರೆ ಆ ಸಭೆಯಲ್ಲಿ ಸಣ್ಣ ಆಸ್ಪತ್ರೆಯೊಂದರ ಡಾಕ್ಟರಮ್ಮ ಒಂದು ಠರಾವು ತಂದರು. ರೋಗಿಗೆ ಎಚ್ಚರವಾಗುವ ತನಕ ಅರಿವಳಿಕೆ ಕೊಟ್ಟ ಡಾಕ್ಟರು ಅವನನ್ನು ಬಿಟ್ಟು ಇನ್ನೊಂದು ಆಪರೇಷನ್ ಕೋಣೆಗೆ ಹೋಗಕೂಡದು ಎಂಬುದಷ್ಟೇ ಅದರ ಸಾರ. ನೀವು ಮುಗುಳ್ನಕ್ಕು, ಇದು ಕಾರ್ಯಸಾಧ್ಯವೇ ಎಂದು ಕೇಳಿದಿರಿ. ಏಕೆಂದರೆ ನೀವು ನೋಡಿಕೊಳ್ಳುವ ಮೂರು ಆಸ್ಪತ್ರೆಗಳಲ್ಲೂ ಒಬ್ಬ ಡಾಕ್ಟರಿಗೆ ಎರಡೆರಡು ಕೋಣೆ.

"ಅದು ನಂಗೊತ್ತಿಲ್ಲ ಸರ್," ಎಂದರು ಅವರು. "ನಾನೇ ಒಬ್ಬರನ್ನ ಬಿಟ್ಟು ಹೋಗಿದ್ದೆ. ಅದನ್ನ ಹೇಳೋಕೆ ಬಂದೆ."

ಆಮೇಲೆ ಹೇಳಿದರು. ಬೀಗ ರಿಪೇರಿ ಮಾಡುವವನೊಬ್ಬನಿಗೆ ಹರ್ನಿಯಾ ಆಪರೇಷನ್. ನಲವತ್ತೆರಡರ ಗಟ್ಟಿ ಆಳು. ಪಕ್ಕದ ಕೋಣೆಯ ರೋಗಿಯೂ ಆ ದಿನ ಇವರದೇ ಪಾಲು. ಆಸ್ಪತ್ರೆಯ ನಿತ್ಯದ ಪದ್ಧತಿ. ಎರಡು ನಿಮಿಷವೆಂದು ಆ ಕಡೆ ಹೋದರು. ಈ ಕಡೆ ಉಸಿರಿನ ಕೊಳವೆಯ ಜೋಡಣೆ ಕಳಚಿಕೊಂಡಿತು. ಸುಮ್ಮಸುಮ್ಮನೆ ಕೂಗುತ್ತದೆಂದು ಯಂತ್ರದ ಎಚ್ಚರಿಕೆಯ ಗಂಟೆಯನ್ನು ಯಾರೋ ಮೊದಲೇ ಆರಿಸಿದ್ದರು. ರಕ್ತ ಕಪ್ಪಾಗಿದ್ದನ್ನು ಶಸ್ತ್ರವೈದ್ಯರು ಕಾಣುವಷ್ಟರಲ್ಲಿ ಮಿಂಚಿಹೋಗಿತ್ತು. ಮನುಷ್ಯ ಉಳಿದ. ಆದರೆ ಮಲಗಿದವನು ಬೇರೆ, ಎದ್ದವನು ಬೇರೆ.

ಇಂಥ ತಪ್ಪನ್ನು ಇನ್ನೂರು ಜನ ಸಹವೈದ್ಯರ ಎದುರು ಒಪ್ಪಿಕೊಂಡ ಇನ್ನೊಬ್ಬರನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ನೀವೇನು ಮಾಡಿದಿರಿ? "ಡಾಕ್ಟ್ರು ಸ್ವಲ್ಪ ಭಾವುಕರಾಗಿದ್ದಾರೆ. ಊಟಕ್ಕೆ ಹೊತ್ತಾಯ್ತು," ಎಂದಿರಿ. ಮೈಕು ಆರಿತು. ಮತಕ್ಕೆ ಹಾಕಿ ಎಂದು ಹಿಂದಿನ ಸಾಲಿನಲ್ಲಿ ಹತ್ತಾರು ಮಂದಿ ಎದ್ದು ನಿಂತು ಕೇಳಿದ್ದು ಕುರ್ಚಿ ಎಳೆಯುವ ಸದ್ದಿನಲ್ಲಿ ಮುಳುಗಿಹೋಯಿತು. ನಿಮಗೆ ಕೇಳಿಸದಿರಬಹುದು. ನಾನು ಬರೆದುಕೊಂಡೆ.

ಸೋಮವಾರ ನೀವು ಕಚೇರಿಗೆ ಬಂದು "ಹಿಂಪಡೆದರು" ಎಂದು ಹಾಕಲು ಹೇಳಿದಿರಿ. ಅವರು ಹಿಂಪಡೆಯಲಿಲ್ಲವಲ್ಲ ಎಂದೆ.

"ಮತಕ್ಕೆ ಹಾಕಿಲ್ಲ ಅಂದ್ಮೇಲೆ ಹಿಂಪಡೆದ ಹಾಗೇ ಅಲ್ವೇನಮ್ಮಾ? ನಿವೃತ್ತಿ ಹತ್ರ ಬಂತು. ಈ ವಯಸ್ಸಲ್ಲಿ ಯಾಕೆ ಬೇಕು ಇದೆಲ್ಲ?"

ಟೈಪ್ ಮಾಡಿದೆ. ಹೆದರಿಕೆ ಎಂದು ಈಗ ಬಾಯಲ್ಲಿ ಹೇಳುವುದು ಸುಲಭ. ಆಗ ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದೆ. ಮುಂದಿನ ವಾರ ಡಾಕ್ಟರಮ್ಮನನ್ನು "ವೃತ್ತಿಯ ಘನತೆಗೆ ಧಕ್ಕೆ ತಂದ" ಕಾರಣಕ್ಕೆ ಸಂಘದಿಂದ ಅಮಾನತು ಮಾಡಿದಿರಿ. ಆ ಪತ್ರವೂ ನನ್ನ ಬೆರಳಿನದೇ. ತಪ್ಪು ಮಾಡಿದ್ದರಿಂದ ಕೆಡದ ಘನತೆ, ತಪ್ಪನ್ನು ಬಾಯಿಬಿಟ್ಟು ಹೇಳಿದ್ದರಿಂದ ಕೆಟ್ಟಿತು!

ಎರಡು ತಿಂಗಳ ಮೇಲೆ ಬೀಗದವನ ಹೆಂಡತಿ ಕಚೇರಿಗೆ ಬಂದಳು. ಗಂಡನನ್ನು ಮನೆಯಲ್ಲಿ ಒಬ್ಬನೇ ಬಿಡುವಂತಿಲ್ಲವೆಂದು ಜೊತೆಗೇ ಕರೆತಂದಿದ್ದಳು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಆಸ್ಪತ್ರೆಯ ಮೇಲೆ ತಾನು ಕೊಟ್ಟ ದೂರಿಗೆ ಬಂದ ಉತ್ತರವನ್ನು ನನ್ನ ಮೇಜಿನ ಮೇಲಿಟ್ಟಳು. ಡಾಕ್ಟರು ರೋಗಿಯನ್ನು ಬಿಟ್ಟು ಹೋಗಕೂಡದೆಂಬ ನಿಯಮವೇ ಇಲ್ಲ, ಠರಾವು ತಂದ ಡಾಕ್ಟರೇ ಅದನ್ನು ಹಿಂಪಡೆದಿದ್ದಾರೆ, ಆದ್ದರಿಂದ ಆಸ್ಪತ್ರೆಯದು ತಪ್ಪಿಲ್ಲ ಎಂದು ವಿಚಾರಣೆಯವರು ಬರೆದಿದ್ದರು. ಆಧಾರವಾಗಿ ಲಗತ್ತಿಸಿದ್ದು ನನ್ನ ನಡಾವಳಿಯ ಪ್ರತಿ.

"ಆ ಡಾಕ್ಟರಮ್ಮ ನಮ್ಮನೆಗೇ ಬಂದು ತಪ್ಪು ನಂದೇ ಅಂದಿದ್ರು. ಸಭೇಲೂ ಹೇಳ್ತೀನಿ ಅಂದಿದ್ರು," ಎಂದಳು. "ಇದರಲ್ಲಿ ನೋಡಿದ್ರೆ ಮಾತು ವಾಪಸ್ ತಗೊಂಡ್ರು ಅಂತಿದೆ. ಅವರೂ ನಮಗೆ ಸುಳ್ಳೇ ಹೇಳಿದ್ರಾ ಅಕ್ಕಾ?"

ಅಷ್ಟರಲ್ಲಿ ಅವಳ ಗಂಡ ಎದ್ದು ಕಪಾಟಿನ ಬಳಿ ಹೋಗಿದ್ದ. ಅದರಲ್ಲಿ ನೇತಾಡುತ್ತಿದ್ದ ಬೀಗದ ಕೈಯನ್ನು ಕಿತ್ತು, ಅಂಗೈಮೇಲಿಟ್ಟುಕೊಂಡು, ತಿರುವಿ ತಿರುವಿ ನೋಡಿದ. ಅದು ಏನಕ್ಕೆ ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟ, ದಾರಿಯಲ್ಲಿ ಸಿಕ್ಕಿದ ವಸ್ತು ಕೊಡುವವರ ಹಾಗೆ ವಿನಯದಿಂದ.

"ಇಲ್ಲಮ್ಮ, ಅವರು ವಾಪಸ್ ತಗೊಳ್ಳಲಿಲ್ಲ," ಎಂದೆ. "ಸುಳ್ಳು ಬರೆದೋಳು ನಾನು."

ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು, ಹಾಗಂತ ಬರೆದು ಕೊಡ್ತೀರಾ ಎಂದಳು. ಬರೆದು ಸಹಿ ಹಾಕಿ ಕೊಟ್ಟೆ. ಮಾರನೆಯ ದಿನ ನೀವು ಕೇಳಿದ ವಿವರಣೆಗೆ ಬದಲಾಗಿ ರಾಜೀನಾಮೆ ಕೊಟ್ಟೆ.

ಆ ಹೇಳಿಕೆಯ ಮೇಲೆ ವಿಚಾರಣೆ ಮತ್ತೆ ಶುರುವಾಗಿದೆ. ಡಾಕ್ಟರಮ್ಮ ಸಾಕ್ಷಿ ಹೇಳಲು ಒಪ್ಪಿದ್ದಾರೆ; ಅದರಿಂದ ತಮ್ಮ ಪರವಾನಗಿಯೇ ಹೋಗಬಹುದೆಂದು ಗೊತ್ತಿದ್ದೂ ಒಪ್ಪಿದ್ದಾರೆ. ನೀವು ಮಾತ್ರ, ನನಗೆ ವಯಸ್ಸಾಗಿದೆ, ಮರೆವು ಎಂದು ವಿಚಾರಣೆಯವರಿಗೆ ಬರೆದಿದ್ದೀರಂತೆ. ಇರಬಹುದು. ಆದರೆ ಸಭೆ ನಡೆಯುತ್ತಿದ್ದಾಗಲೇ ನಾನು ಶೀಘ್ರಲಿಪಿಯಲ್ಲಿ ಬರೆದುಕೊಂಡ ಪುಸ್ತಕಕ್ಕೆ ಮರೆವಿಲ್ಲ. ನಿಮ್ಮ ಊಟದ ಮಾತೂ ಅದರಲ್ಲಿದೆ. ಅದನ್ನು ಒಪ್ಪಿಸಿ ರಸೀದಿ ಪಡೆದಿದ್ದೇನೆ.

ನಿಮ್ಮನ್ನು ನೆನೆದರೆ ನನಗೆ ಈಗ ಕೋಪವೂ ಬರುವುದಿಲ್ಲ, ಹೇಸಿಗೆಯಾಗುತ್ತದೆ. ಅದರಲ್ಲಿ ನನ್ನ ಪಾಲೂ ಇದೆ ಎಂಬುದರಿಂದ ಇನ್ನಷ್ಟು. ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಆ ಸುಳ್ಳು ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಬರೆಸಿ. ಡಾಕ್ಟರಮ್ಮನ ಅಮಾನತು ರದ್ದು ಮಾಡಿ, ಠರಾವನ್ನು ಮತಕ್ಕೆ ಹಾಕಿ. ಚುನಾವಣೆಯ ನೋಟಿಸು ಪ್ರತಿ ಸದಸ್ಯರ ಮನೆಗೆ ಅಂಚೆಯಲ್ಲಿ ಹೋಗಲಿ. ಅದಕ್ಕೆ ಮುನ್ನ ನೀವು ಆ ಕುರ್ಚಿಯಿಂದ ಏಳಿ. ಬೀಗದವನ ಮನೆಗೂ ಒಮ್ಮೆ ಹೋಗಿ ಬನ್ನಿ. ಅವನು ನಿಮ್ಮನ್ನು ಏನೂ ಕೇಳುವುದಿಲ್ಲ. ಅವನ ಹೆಂಡತಿ ಕೇಳುತ್ತಾಳೆ.

ಇಂತಿ,
ಇಪ್ಪತ್ತೊಂದು ವರ್ಷ ಬಾಯಿಮುಚ್ಚಿಕೊಂಡಿದ್ದು, ಅದಕ್ಕಾಗಿ ನಿಮ್ಮ ಕೈಯಿಂದಲೇ "ದಕ್ಷ ಸೇವೆ"ಯ ಪ್ರಶಸ್ತಿಪತ್ರ ಪಡೆದ
ನಿಮ್ಮ ಮಾಜಿ ಬೆರಳಚ್ಚುಗಾರ್ತಿ