ಅಣ್ಣ ಕಾದಾಡಿದ ದೇಶಕ್ಕೆ

ಮಾರ್ಚ್ ೧೪, ಗುರುವಾರ

ಕೊನೆಗೂ ಒಪ್ಪಿಗೆ ಕಳಿಸಿಬಿಟ್ಟೆ.

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಸಮುದ್ರದಾಚೆ, ಯಾರ ಜಗಳಕ್ಕೂ ಹೋಗದ ದೇಶದಲ್ಲಿ. ಇನ್ನೊಂದು ಗಡಿಯಾಚೆ, ಅಣ್ಣನ ಎಡಗಾಲು ಹೋದ ಯುದ್ಧದಲ್ಲಿ ನಮ್ಮೆದುರು ನಿಂತಿದ್ದ ದೇಶದಲ್ಲಿ. ಕದನವಿರಾಮದ ಮಾತುಕತೆ ಹೇಗೆ ನಡೆಸಬೇಕೆಂದು ಕಲಿಸುವುದು ಅಲ್ಲಿ ಮಾತ್ರ.

ಮಧ್ಯಾಹ್ನ ಅಣ್ಣನ ಗಡಿಯಾರದ ಅಂಗಡಿಗೆ ಹೋದೆ. ಗಡಿಯಾಚೆಗೇ ಹೋಗುತ್ತೇನೆಂದು ಹೇಳಿದೆ. ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯಲೇ ಇಲ್ಲ. ಕೈಯಲ್ಲಿದ್ದ ಸ್ಕ್ರೂ ಕೂರಿಸಿ ಮುಗಿಸಿದ.

"ಅಲ್ಲಿ ಚಳಿ ಜಾಸ್ತಿ ಕಣೇ. ಒಳ್ಳೇ ಸ್ವೆಟರ್ ತಗೊಂಡು ಹೋಗು" ಅಂದ.

"ಅಣ್ಣಾ, ಬೈಯೋದಾದ್ರೆ ಬೈದುಬಿಡು."

"ಬೈದ್ರೆ ಕಾಲು ಚಿಗುರುತ್ತಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ನಿಮ್ಮಣ್ಣ ಏನ್ ಮಾಡ್ತಾನೆ ಅಂತ ಯಾರಾದ್ರೂ ಕೇಳಿದ್ರೆ ಗಡಿಯಾರ ರಿಪೇರಿ ಅನ್ನು. ಅದಕ್ಕೂ ಮುಂಚಿನ ಮಾತು ಬೇಡ. ನಾನೂ ಅಲ್ಲಿ ಸುಮ್ನೆ ಕೂತಿರ್ಲಿಲ್ಲ."

ಏಳು ವರ್ಷದಲ್ಲಿ ಅವನು ಯುದ್ಧದ ಬಗ್ಗೆ ಆಡಿದ್ದು ಇಷ್ಟೇ. ಮನೆಗೆ ಬಂದವಳೇ, ಧೈರ್ಯ ಆರಿಹೋಗುವ ಮೊದಲು, ಒಪ್ಪಿಗೆ ಪತ್ರ ಕಳಿಸಿದೆ.

ಇಷ್ಟು ದಿನ ಅಲ್ಲಿಯವರು ನನ್ನನ್ನು ಏನು ಮಾಡಿಯಾರೋ ಎಂದು ಹೆದರುತ್ತಿದ್ದೆ. ಈಗ ತರಗತಿಯಲ್ಲಿ ಪಕ್ಕ ಕೂರುವವಳನ್ನು ನೆನೆದರೇ ಭಯ. ಅವಳಿಗೂ ಒಬ್ಬ ಅಣ್ಣ ಇದ್ದಿರಬಹುದು. ನನ್ನ ಜೊತೆ ಊಟ ಹಂಚಿಕೊಂಡು, ಒಂದು ದಿನ ಅವಳು ಅವನ ಫೋಟೋ ತೋರಿಸಿದರೆ, ನಾನು ಯಾವ ಮುಖ ಇಟ್ಟುಕೊಂಡು ನಮ್ಮಣ್ಣ ಗಡಿಯಾರ ರಿಪೇರಿ ಮಾಡುತ್ತಾನೆ ಅನ್ನಲಿ?