ನೆರಳಿನಲ್ಲಿ ಮೂವತ್ತಮೂರು ಡಿಗ್ರಿ

ಫುಟ್‌ಬಾಲ್ ಪಂದ್ಯಾವಳಿ ಸಂಘಟನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಪಂದ್ಯ ಇಟ್ಟಿರಿ. ರೆಫರಿ ಇಕ್ಬಾಲರು ಮೈದಾನದ ನಡುವೆ ಕುಸಿದು ಬಿದ್ದ ಮೇಲೆ ಒಂದು ಪ್ರಕಟಣೆ ಹೊರಡಿಸಿದಿರಿ. ಉಷ್ಣಾಂಶ ಮಿತಿಯೊಳಗೇ ಇತ್ತು, ಟೈಮ್‌ಕೀಪರರ ಸಹಿ ಇದೆ, ರೆಫರಿಯವರೇ ತಮ್ಮ ಅನಾರೋಗ್ಯ ಮುಚ್ಚಿಟ್ಟಿದ್ದರು ಎಂದು. ಆ ಸಹಿ ನನ್ನದು. ಆ ಅಂಕಿ ತಪ್ಪು. ಇದನ್ನು ಹೇಳಲು ತಮ್ಮ ಕಚೇರಿಗೆ ಎರಡು ಸಲ ಬಂದೆ, ತಾವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಊರ ಮುಂದೆ ಹೇಳುತ್ತಿದ್ದೇನೆ.

ಎರಡು ಗಂಟೆಯೇ ಏಕೆ? ಮುಂಜಾನೆ ಮುಖ್ಯ ಅತಿಥಿಗಳಿಗೆ ಏಳಲಾಗದು. ಸಂಜೆ ಅದೇ ಮೈದಾನದಲ್ಲಿ ಪ್ರಾಯೋಜಕರ ಸಂಗೀತ ಕಾರ್ಯಕ್ರಮ. ನಡುವೆ ಯಾರಿಗೂ ಬೇಡವಾಗಿ ಉಳಿದ ಹೊತ್ತನ್ನು ಆಟಗಾರರಿಗೆ ಉದಾರವಾಗಿ ಬಿಟ್ಟುಕೊಟ್ಟಿರಿ. ಅತಿಥಿಗಳಿಗೆ ಪೆಂಡಾಲು, ಪೆಂಡಾಲಿಗೆ ಎರಡು ಕೂಲರು. ಆಟಗಾರನಿಗೆ ಸಾಕಾದರೆ ಬದಲಿ ಆಟಗಾರನಿದ್ದಾನೆ. ಐವತ್ತೆರಡು ವರ್ಷದ ರೆಫರಿಗೆ ಬದಲಿ ಯಾರು?

ಮೂವತ್ತೈದು ಡಿಗ್ರಿ ದಾಟಿದರೆ ಆಟ ನಿಲ್ಲಿಸಿ ನೀರು ಕೊಡಬೇಕೆಂಬುದು ತಮ್ಮದೇ ನಿಯಮ. ಥರ್ಮಾಮೀಟರ್ ತೂಗುಹಾಕಿದವನು ನಾನು. ಐವತ್ತನಾಲ್ಕು ವರ್ಷದ ಹಿಂದೆ ಪಿಯುಸಿಯಲ್ಲಿ ಫಿಜಿಕ್ಸ್ ಮಾಸ್ತರರು ಬರೆಸಿದ್ದರು: ‘ದ ಟ್ರೂ ಟೆಂಪರೇಚರ್ ಈಸ್ ದ ಟೆಂಪರೇಚರ್ ಇನ್ ದ ಶೇಡ್, ಪ್ರೊವೈಡೆಡ್ ದಟ್...’ ಅಲ್ಲಿಂದ ಮುಂದಿನ ಷರತ್ತು ನನಗೆ ನೆನಪಿಲ್ಲ. ನಿಜವಾದ ಉಷ್ಣಾಂಶ ತಿಳಿಯಲು ನೆರಳು ಬೇಕೆಂಬುದಷ್ಟೇ ಉಳಿದಿತ್ತು. ಲಕಮನಹಳ್ಳಿ ಕಡೆಯ ಆ ಬಯಲಿನಲ್ಲಿ ನೆರಳಿದ್ದದ್ದು ಪೆಂಡಾಲಿನಲ್ಲಿ ಮಾತ್ರ. ಅಲ್ಲಿಯ ಕಂಬಕ್ಕೆ ಕಟ್ಟಿದೆ. ಕೂಲರಿನ ಗಾಳಿ ನೇರ ಅದರ ಮೇಲೆ ಬೀಸುತ್ತಿತ್ತು. ನನ್ನ ಮೇಲೂ ಬೀಸುತ್ತಿತ್ತು. ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ನನ್ನ ಹೆಂಡತಿ ಜಯಮಾಲಾ ತೀರಿಕೊಂಡು ಮೂರು ವರ್ಷವಾಯಿತು. ಬೇಸಿಗೆಯಲ್ಲಿ ಸಂಡಿಗೆ ಹಾಕುವ ಮುನ್ನ ಅವಳು ಮಾಳಿಗೆಯ ಮೇಲೆ ಬರಿಗಾಲಿನಲ್ಲಿ ನಿಲ್ಲುತ್ತಿದ್ದಳು. ಐದು ಎಣಿಸುವುದರೊಳಗೆ ಕಾಲು ಎತ್ತಬೇಕೆನಿಸಿದರೆ ಮಾತ್ರ ಕೆಳಗಿಳಿದು ಹಿಟ್ಟು ಬೇಯಿಸಲು ಇಡುತ್ತಿದ್ದಳು. ನಾನು ಪೇಪರು ನೋಡಿ ಇವತ್ತು ಇಷ್ಟು ಡಿಗ್ರಿ ಎಂದರೆ, “ಪೇಪರಿಗೆ ಕಾಲ ಅದಾವೇನ್ರಿ?” ಎನ್ನುವಳು. ಕಾಲೇಜು ಮೆಟ್ಟಿಲು ಹತ್ತದವಳ ಮಾತೆಂದು ನಗುತ್ತಿದ್ದೆ. ಅವಳಿದ್ದಿದ್ದರೆ ಅಂದು ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದಳು. ಇರಲಿ, ವಿಷಯಕ್ಕೆ ಬರುತ್ತೇನೆ.

ಉಪ್ಪಿನಬೆಟಗೇರಿ ತಂಡದ ಸೆಮಿಫೈನಲ್ ಅದು. ಮೊದಲರ್ಧದಲ್ಲಿ ಇಕ್ಬಾಲರು ಓಡುತ್ತಲೇ ನನ್ನತ್ತ ತಿರುಗಿ, ಎಷ್ಟು ಎಂದು ಕೈ ಮಾಡಿ ಕೇಳಿದರು. ಎರಡೂ ಕೈಗಳಲ್ಲಿ ಮೂರು ಮೂರು ಬೆರಳು ತೋರಿಸಿದೆ, ಮೂವತ್ತಮೂರು ಎಂದು. ಅವರು ನಿಂತು ನನ್ನ ಬೆರಳುಗಳನ್ನೇ ನೋಡಿದರು. ಮತ್ತೆ ಓಡತೊಡಗಿದರು. ಎರಡನೆಯ ಅರ್ಧದ ಇಪ್ಪತ್ತನೇ ನಿಮಿಷಕ್ಕೆ ಬಿದ್ದರು. ಮರುದಿನ ಅದೇ ಹೊತ್ತಿಗೆ ಅದೇ ಥರ್ಮಾಮೀಟರನ್ನು ಮೈದಾನದ ನಡುವೆ ಕೊಡೆಯ ನೆರಳಿನಲ್ಲಿ ಹಿಡಿದು ನಿಂತೆ. ಮೂವತ್ತೊಂಬತ್ತು.

ಎಂಟು ದಿನದ ಮೇಲೆ ಆಸ್ಪತ್ರೆಯಲ್ಲಿ ಅವರಿಗೆ ಮಾತು ಬಂತು, ತೊದಲುತ್ತ. ಮುಚ್ಚಿಟ್ಟ ರೋಗ ಯಾವುದೂ ಇರಲಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಮಗಳು ಫಿರದೋಸ ಚಮಚದಿಂದ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ಅವರು ಕೇಳಿದ್ದು ಒಂದೇ: “ಕಾಕಾ, ಖರೇ ಎಷ್ಟಿತ್ತರಿ?” ನೀರು ಕುಡಿಯಿರಿ ಎಂದು ಹೇಳಿ ನಾನು ಹೊರಗೆ ಬಂದುಬಿಟ್ಟೆ. ಎಪ್ಪತ್ತೊಂದು ವರ್ಷದವನು ಹಾಗೆ ಓಡಿಬರಬಾರದು.

ಈ ಭಾನುವಾರ ಎರಡು ಗಂಟೆಗೆ ಫೈನಲ್ ಇದೆ. ಅದನ್ನು ಮುಂಜಾನೆ ಆರೂವರೆಗೆ ಇಡಿರಿ. ಆ ಪ್ರಕಟಣೆಯನ್ನು ಹಿಂತೆಗೆದುಕೊಂಡು ಇಕ್ಬಾಲರ ಹೆಸರಿಗೆ ಅಂಟಿದ ಸುಳ್ಳನ್ನು ಅಳಿಸಿರಿ. ತಪ್ಪು ನನ್ನದೆಂದು ಬರೆಯಿರಿ, ಹೊತ್ತು ತಮ್ಮದೆಂದೂ ಬರೆಯಿರಿ. ಆಗದೆಂದಾದರೆ ಭಾನುವಾರ ಎರಡಕ್ಕೆ ಬೂಟು ಬಿಚ್ಚಿ ಮೈದಾನದ ನಡುವೆ ಬಂದು ಐದು ಎಣಿಸಿರಿ. ನಾನೂ ಪಕ್ಕದಲ್ಲಿ ಬರಿಗಾಲಿನಲ್ಲಿ ನಿಲ್ಲುತ್ತೇನೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮುನ್ನ ಇಕ್ಬಾಲರ ಹಾಸಿಗೆಯ ಪಕ್ಕ ಕುಳಿತು ಇಲ್ಲಿಯವರೆಗೆ ಓದಿ ಹೇಳಿದೆ. ಮೂವತ್ತೊಂಬತ್ತು ಎಂಬಲ್ಲಿ ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಹೇಳಿದರು: “ನನಗೂ ಹಂಗ ಅನಿಸಿತ್ತರಿ ಕಾಕಾ. ನೀವು ಮೂವತ್ತಮೂರು ತೋರಿಸಿದ್ರಿ. ನನ್ನ ಮೈಯಾಗನ ಏನೋ ತಪ್ಪಾಗೇತಿ ಅನ್ಕೊಂಡು ಓಡಿದೆ.”

ಇಂತಿ,
ತಮ್ಮ ದಾಖಲೆಯಲ್ಲಿರುವ ಅದೇ ಸಹಿಯ
ಮುರುಗೆಪ್ಪ
ಮಾಳಮಡ್ಡಿ, ಧಾರವಾಡ