ಜೊತೆಮಧ್ಯಾಹ್ನ

ರಾಯಚೂರು
ಇಸವಿ ೨೧೮೭, ಮೇ ತಿಂಗಳ ನಲವತ್ತಮೂರು

ನನ್ನ ಮುತ್ತಜ್ಜಿಯ ಮುತ್ತಜ್ಜಿ ಗುರುಬಸಮ್ಮನವರಿಗೆ ಮಹಾಂತಮ್ಮನ ಶರಣಾರ್ಥಿಗಳು.

ತಾರೀಖು ನೋಡಿ ನಗಬೇಡಿ. ಮಳೆ ಬೀಳುವ ತನಕ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ನಿಮ್ಮ ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವ ಮಾತು ನಡೆದಿದೆ ಎಂದು ಬಲ್ಲೆ. ಹಾಕಿಸಿ. ಆದರೆ ಮೊದಲು ಇದನ್ನು ಓದಿ.

ಈ ಕಾಲದಲ್ಲಿ ನಡುಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ. ಮನೆಮನೆಗೂ ತಂಪುಗೂಡು ಇದೆ, ಅಂದರೆ ಕಿಟಕಿಯಿಲ್ಲದ, ದಪ್ಪ ಗೋಡೆಯ ತಣ್ಣನೆಯ ಕೋಣೆ. ಬಿಸಿಲು ಅತಿಯಾದಾಗ ಮಾಳಿಗೆಯ ಫಲಕಗಳು ಸೋಲುತ್ತವೆ. ಆಗ ಬೆಳಿಗ್ಗೆ ತುಂಬಿಸಿಟ್ಟ ಬ್ಯಾಟರಿಯೇ ಗತಿ. ಅದು ಕೈಕೊಟ್ಟರೆ ಕೋಣೆ ಒಲೆಯಾಗುತ್ತದೆ. ಹಾಗಾಗಿ ಅದನ್ನು ಜೋಡಿಸುವವನಿಗೆ ಸರ್ಕಾರದ ಪರವಾನಗಿ ಮುದ್ರೆ ಬೇಕು, ಮುದ್ರೆಯಲ್ಲದೆ ಜೊತೆಮಧ್ಯಾಹ್ನವೂ ಬೇಕು. ಮೊದಲ ನಡುಹಗಲು ಅವನು ಮನೆಯವರ ಜೊತೆ ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ತಾನು ಬೇಯಿಸಿದ್ದನ್ನು ತಾನೇ ಮೊದಲು ಉಣ್ಣಲಿ ಎಂಬ ನ್ಯಾಯ.

ಇಂದು ನಮ್ಮಲ್ಲಿ ಬ್ಯಾಟರಿ ಜೋಡಿಸಿದ ಯಂಕೋಬ ಕೂತ. ಮುದ್ರೆಯಿದ್ದವನು, ಮಾತು ಬೆಣ್ಣೆಯಂಥದ್ದು. ಒಂದು ಮೂಲೆಯಲ್ಲಿ ಬಾಣಂತಿ ಸೊಸೆ ನೀಲಾಂಬಿಕೆ, ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು. ಮಗ ಅಮರೇಶ ಬಾಗಿಲ ಬಳಿ. ಒಗ್ಗರಣೆ ಮಂಡಕ್ಕಿ ಕೊಟ್ಟೆ, ಯಂಕೋಬ ಮುಟ್ಟಲಿಲ್ಲ. ಗಾಳಿ ತಣ್ಣಗೇ ಇತ್ತು, ಅವನ ಹಣೆ ಮಾತ್ರ ಬೆವರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇವನಿಗೆ ನಾವಿನ್ನೂ ಏನೂ ಅಂದಿರಲಿಲ್ಲ. ನನಗೆ ಭಯವಾಯಿತು.

ಇದ್ದಕ್ಕಿದ್ದಂತೆ ಎದ್ದು ನಿಂತ. "ಯವ್ವಾ, ಬಾಣಂತೀನ ಎಬ್ಬಸ್ರಿ. ಕೂಸಿನ್ನ ಬಾಜೂ ಮನಿಗೆ ಒಯ್ರಿ, ಲಗೂ!"

ನಮಗೆ ಯಾವ ಕೆಡುಕೂ ಕಂಡಿರಲಿಲ್ಲ. ಅವನಿಗೆ ಗೊತ್ತಿತ್ತು. ಒದ್ದೆ ಕಂಬಳಿ ಹೊದ್ದು ಪಕ್ಕದ ಮನೆ ಸೇರುವಷ್ಟರಲ್ಲಿ ನಮ್ಮ ಕೋಣೆಯಿಂದ ಹೊಗೆ ಎದ್ದಿತು. ಹೊಸ ಡಬ್ಬಿಯಲ್ಲಿ ಯಾರೋ ಎಸೆದ ಹಳೆಯ ಬ್ಯಾಟರಿ ತುಂಬಿದ್ದನಂತೆ. ಒಂದು ಮಧ್ಯಾಹ್ನ ತಡೆದೀತು, ಆಮೇಲೆ ತನಗೇನು ಎಂದುಕೊಂಡಿದ್ದ. ಹಾಳಾದವನು.

"ಇಂಥಾದ್ದು ಇನ್ನ ಯಾರ ಮನ್ಯಾಗ ಹಾಕೀದಿ?" ಅಮರೇಶ ಅವನ ಅಂಗಿಯ ಕೊರಳು ಹಿಡಿದ.

ಯಂಕೋಬ ನನ್ನ ಕಡೆ ನೋಡಿದ. "ನಿಮ್ಮ ತಂಗಿ ಮನ್ಯಾಗ್ರೀ ಯವ್ವಾ. ನಿನ್ನಿ ಸಂಜಿಗಿ. ಅವರು ಜೊತಿಮಧ್ಯಾನ್ನ ಕುಂದ್ರು ಅನ್ಲಿಲ್ಲ. ನಮ್ಮೂರ ಹುಡುಗ, ಮುದ್ರಿ ಬ್ಯಾರೆ ಐತಿ ಅಂತ ಚಾ ಕೊಟ್ಟು ಕಳ್ಸಿದ್ರು."

ಅಮರೇಶ ಅವನನ್ನು ಎಳೆದುಕೊಂಡು ಈ ಬಿಸಿಲಲ್ಲೇ ಅಲ್ಲಿಗೆ ಓಡಿದ್ದಾನೆ. ಕೂಸು ನನ್ನ ತೊಡೆಯ ಮೇಲಿದೆ. ತಂಗಿ ಫೋನ್ ಎತ್ತುತ್ತಿಲ್ಲ.

ಅವಳು ಒಳ್ಳೆಯವಳು. ಮನೆಗೆ ಬಂದವರ ಮನಸ್ಸು ನೋಯಿಸಲು ಅವಳಿಗೆ ಬಾರದು. ನಿಮಗೂ ಬಾರದು ಎಂದು ನಮ್ಮ ಹಿರಿಯರು ಹೊಗಳಿ ಹೇಳುತ್ತಿದ್ದರು. ಕೈಮುಗಿದು ಕೇಳುತ್ತೇನೆ, ಸೋಲಾರ್ ಜೋಡಿಸುವವನು ಬರುವ ಆ ಒಂದು ದಿನ ಕೆಟ್ಟವರಾಗಿ. ಮುದ್ರೆ ತೋರಿಸು ಎನ್ನಿ, ತೋರಿಸಿದ ಮೇಲೂ ಹೋಗಗೊಡಬೇಡಿ. ನಿಮ್ಮ ಮಕ್ಕಳ ಪಕ್ಕ ಕೂರಿಸಿಕೊಂಡು ಅವನ ಮುಖ ನೋಡಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಅವಳಿಗೆ ಮತ್ತೊಮ್ಮೆ ಫೋನ್ ಮಾಡಬೇಕು.

ಮಹಾಂತಮ್ಮ